ಸ್ಪ್ಯಾನರನ ಹೊಕ್ಕುಳ ಹೆಸರು

ಫೈನೇಸಿ ತನ್ನ ಗಂಡನನ್ನು ಕರೆಯುತ್ತಿದ್ದುದು ‘ಮೇಲಿಯಾಳ ಅಪ್ಪ’ ಎಂದು. ಮಗಳು ಮೇಲಿಯಾ ಹುಟ್ಟುವ ಮುಂಚೆ ಅದೂ ಇರಲಿಲ್ಲ. ಕೆಮ್ಮುತ್ತಿದ್ದಳು, ಪಾತ್ರೆ ಕುಕ್ಕುತ್ತಿದ್ದಳು, ಅಷ್ಟಕ್ಕೆ ಅವನು ತಿರುಗಿ ನೋಡುತ್ತಿದ್ದ. ಥಾರ್ನ್‌ಬರಿ ಫಾರಂನ ಉಳಿದ ಮುನ್ನೂರು ಜನಕ್ಕೆ ಅವನು ಸ್ಪ್ಯಾನರ್. ಹನ್ನೊಂದು ವರ್ಷದವನಿದ್ದಾಗ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ಸ್ಪ್ಯಾನರು ಎತ್ತಿಕೊಡುವ ಕೆಲಸಕ್ಕೆ ಸೇರಿದ್ದ. ಹೆಸರೇನೋ ಎಂದು ಗುಮಾಸ್ತ ಕೇಳಿದಾಗ ನಾಚಿಕೆಯಿಂದ ಬಾಯಿ ಬಿಡಲಿಲ್ಲ, ಗುಮಾಸ್ತ ಅವನ ಕೈಯಲ್ಲಿದ್ದುದನ್ನು ನೋಡಿ ಅದನ್ನೇ ಬರೆದುಕೊಂಡ. ಆ ಫಾರಂನಲ್ಲಿ ಇಂಥ ಹೆಸರಿಗೆ ಬರವಿರಲಿಲ್ಲ. ಸಾಸ್‌ಪಾನ್ ಇದ್ದ, ವಿಸ್ಕಿ ಇದ್ದ, ಶುಕ್ರವಾರ ಎಂಬುವನೂ ಇದ್ದ.

ನಿಜವಾದ ಹೆಸರು ಬೇರೆಯೇ. ಅವರ ಜನರಲ್ಲಿ ಮಗುವಿನ ಹೊಕ್ಕುಳಬಳ್ಳಿ ಬಿದ್ದ ದಿನ ಅಜ್ಜಿ ಕಿವಿಯಲ್ಲಿ ಒಂದು ಹೆಸರು ಹೇಳುತ್ತಾಳೆ. ದೊಡ್ಡವನಾದ ಮೇಲೆ ಅದನ್ನು ಯಾರೂ ಕೂಗುವಂತಿಲ್ಲ. ಮದುವೆಯ ದಿನ ಹೆಂಡತಿಗೆ ಒಮ್ಮೆ ಹೇಳುತ್ತಾರೆ, ಅವಳು ಅದನ್ನು ಅವನ ಹೆಣದ ಕಿವಿಯಲ್ಲಿ ಹೇಳಿ ಮುಗಿಸುತ್ತಾಳೆ. ಸ್ಪ್ಯಾನರನ ಅಜ್ಜಿ ಹಲ್ಲಿಲ್ಲದ ಬಾಯಿಂದ ಆ ಹೆಸರನ್ನು ಫೈನೇಸಿಗೆ ಎರಡು ಸಲ ಹೇಳಿ, ಮೂರನೆಯ ಸಲ ಅವಳಿಂದಲೇ ಹೇಳಿಸಿ, ತೊಡೆಗೆ ಚಿವುಟಿ ಕಳಿಸಿದ್ದಳು. ಅಜ್ಜಿ ಸತ್ತಳು, ಸ್ಪ್ಯಾನರನ ಅಪ್ಪ ಸತ್ತ, ಅಣ್ಣನೊಬ್ಬ ಮಲಾವಿಗೆ ಹೋಗುತ್ತೇನೆಂದು ಹೊರಟವನು ಎಲ್ಲಿಗೆ ಹೋದನೋ ಗೊತ್ತಾಗಲಿಲ್ಲ. ಹೆಸರು ಫೈನೇಸಿಯೊಬ್ಬಳ ಹತ್ತಿರ ಉಳಿಯಿತು.

ಫೈನೇಸಿ ಹುಟ್ಟಿದ್ದು ಜಿಂಬಾಬ್ವೆಯ ಬಿಂಡುರಾ ಸೀಮೆಯಲ್ಲೇ, ಪಕ್ಕದ ಫಾರಂನ ಕೂಲಿಗಳ ಲೈನ್ ಮನೆಯಲ್ಲಿ. ಅಪ್ಪ ಮಲಾವಿಯಿಂದ ನಡೆದುಕೊಂಡು ಬಂದವನು, ಅವಳು ಮಲಾವಿಯನ್ನು ಕಣ್ಣಿನಿಂದ ಕಂಡವಳಲ್ಲ. ಆದರೂ ಗುರುತಿನ ಚೀಟಿಯಲ್ಲಿ ‘ಪರದೇಶಿ’ ಎಂಬ ಮುದ್ರೆ. ಊರಿನ ಶೋನಾ ಜನಕ್ಕೆ ಒಂದೊಂದು ಕುಲ, ಒಂದೊಂದು ಬೆಡಗು. ಸಿಂಹದವರು, ಹೃದಯದವರು, ಮೀನಿನವರು. ಕುಲದ ಹೆಸರು ಹಿಡಿದು ಕರೆದರೇನೇ ಮರ್ಯಾದೆ. ಫಾರಂ ಕೂಲಿಗಳಿಗೆ ಕುಲವಿಲ್ಲ ಎಂದು ಅವರ ಲೆಕ್ಕ. ಕುಲವಿಲ್ಲದವನಿಗೆ ನೆಲವಿಲ್ಲ, ನೆಲವಿಲ್ಲದವನು ಮನುಷ್ಯನೇ ಅಲ್ಲ ಎಂಬಲ್ಲಿಗೆ ಆ ಲೆಕ್ಕ ಬಂದು ನಿಲ್ಲುತ್ತಿತ್ತು.

ಥಾರ್ನ್‌ಬರಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಫೈನೇಸಿ ಗ್ರೇಡ್ ಮಾಡುವ ಶೆಡ್ಡಿನ ಹೆಂಗಸು. ಎಲೆಯನ್ನು ಬೆಳಕಿಗೆ ಹಿಡಿದು ನಿಂಬೆ ಬಣ್ಣ, ಕಿತ್ತಳೆ ಬಣ್ಣ, ಕಂದು ಎಂದು ಕಣ್ಣು ಮಿಟುಕಿಸುವುದರೊಳಗೆ ಬೇರೆ ಮಾಡುತ್ತಿದ್ದಳು. ಸ್ಪ್ಯಾನರ್ ಬ್ಯಾರನ್ನಿನವನು, ಅಂದರೆ ಸೊಪ್ಪು ಬೇಯಿಸುವ ಬೆಂಕಿಮನೆಯವನು. ಬ್ಯಾರನ್ನಿನ ಬಾಗಿಲಿಗೆ ಕೆನ್ನೆ ಒತ್ತಿ, ಒಳಗಿನ ಸೊಪ್ಪು ಎಷ್ಟು ಹದಕ್ಕೆ ಬಂದಿದೆ, ಬೆಂಕಿ ಏರಿಸಬೇಕೋ ಇಳಿಸಬೇಕೋ ಹೇಳುತ್ತಿದ್ದ. ಯಜಮಾನ ಬಿಳಿಯ. ಕೂಲಿಗಳು ಅವನನ್ನು ಗಡ್ಡದ ದೊರೆ ಎನ್ನುತ್ತಿದ್ದರು. ಒಳ್ಳೆಯವನೇನಲ್ಲ, ಕೆಟ್ಟವನೂ ಅಲ್ಲ. ಬೈಯುತ್ತಿದ್ದ, ಸಂಬಳ ತಪ್ಪಿಸುತ್ತಿರಲಿಲ್ಲ, ಹೆಣಕ್ಕೆ ಹಲಗೆ ಕೊಡುತ್ತಿದ್ದ.

ಆಮೇಲೆ ಬಿಳಿಯರ ಭೂಮಿ ಕಿತ್ತು ಹಂಚುವ ಕಾಲ ಬಂತು. ಆ ಕಾಲದ ಮಾತಿಗೆ ಎರಡು ಬಾಯಿ ಇದೆ, ಎರಡೂ ನಿಜವನ್ನೇ ಹೇಳುತ್ತವೆ. ಗಡ್ಡದ ದೊರೆಯ ಅಜ್ಜ ಆ ನೆಲವನ್ನು ದುಡಿದು ಗಳಿಸಿದ್ದೇನಲ್ಲ. ಅಲ್ಲಿದ್ದವರನ್ನು ಕೋವಿ ತೋರಿಸಿ ಕಲ್ಲುಗುಡ್ಡದ ಮೀಸಲಿಗೆ ಅಟ್ಟಿ, ಬೇಲಿ ಹಾಕಿಸಿಕೊಂಡಿದ್ದ. ಹಾಗೆ ಅಟ್ಟಿಸಿಕೊಂಡವರ ಮೊಮ್ಮಗ ಎಫ್ರೆಮ್ ಜಿಕಿಟಿ. ಮೂರು ಎಕರೆ ಕಲ್ಲಿನಲ್ಲಿ ಏಳು ಜನರ ಹೊಟ್ಟೆ ಹೊರೆಯುತ್ತಿದ್ದವನು, ಅಜ್ಜನ ನೆಲ ಬೇಕು ಎಂದರೆ ಯಾರು ತಪ್ಪೆನ್ನುತ್ತಾರೆ? ಫೈನೇಸಿಯೂ ಅನ್ನಲಿಲ್ಲ. ಆದರೆ ಸ್ಪ್ಯಾನರ್ ಯಾರ ನೆಲ ಕಿತ್ತುಕೊಂಡಿದ್ದ? ಕೋಣ ಕೋಣ ಹೋರಾಡಿ ಗಿಡಕ್ಕೆ ಮೃತ್ಯು ಎಂಬ ಗಾದೆಯಲ್ಲಿ ಗಿಡದ ಹೆಂಡತಿ ಏನು ಮಾಡಿದಳು ಎಂದು ಯಾರೂ ಹೇಳುವುದಿಲ್ಲ.

ಎರಡು ಸಾವಿರದ ಒಂದನೆಯ ಇಸವಿ, ಸೊಪ್ಪು ಬಿಡಿಸುವ ಕಾಲ. ಬೆಳಿಗ್ಗೆ ಎರಡು ಲಾರಿ ತುಂಬ ಆಳುವ ಪಕ್ಷದ ಹುಡುಗರು, ಅವರ ಮುಂದೆ ಜಿಕಿಟಿ. ಗಡ್ಡದ ದೊರೆ ಎರಡು ನಾಯಿ, ಒಂದು ಪೆಟ್ಟಿಗೆ ಜೀಪಿಗೆ ಹಾಕಿಕೊಂಡು ಹೊರಟ. ಗೇಟಿನ ಹತ್ತಿರ ಇಳಿದು, ಬಿದ್ದಿದ್ದ ಬೇಲಿಯ ಗೂಟವನ್ನು ನೆಟ್ಟಗೆ ಮಾಡಿ ಮತ್ತೆ ಹತ್ತಿದ್ದನ್ನು ಜನ ನೋಡಿದ್ದರು. ಅವನು ಜಾಂಬಿಯಾಕ್ಕೆ ಹೋದ. ಕೂಲಿಗಳಿಗೆ ಹೋಗುವುದಕ್ಕೆ ಯಾವ ದೇಶವೂ ಇರಲಿಲ್ಲ. ಅವರನ್ನೆಲ್ಲ ಶೆಡ್ಡಿನ ಅಂಗಳಕ್ಕೆ ಎಳೆದು ತಂದರು. ಬಿಳಿಯನ ಬಾಲಗಳು, ವಿರೋಧಪಕ್ಷಕ್ಕೆ ಓಟು ಹಾಕುವವರು ಎಂದು ಗಂಡಸರನ್ನು ಬೋರಲು ಮಲಗಿಸಿದರು. ಹೆಂಗಸರು ಸುತ್ತ ಕೂತು ಹೋರಾಟದ ಹಾಡು ಹೇಳಬೇಕು, ದನಿ ಇಳಿಸಿದವರಿಗೂ ಏಟು. ಬ್ಯಾರನ್ನಿನ ಬೀಗದ ಕೈ ಎಲ್ಲಿ ಎಂದು ಸ್ಪ್ಯಾನರನನ್ನು ಕೇಳಿದರು. ಒಳಗೆ ಸೊಪ್ಪು ಬೇಯುತ್ತಿದೆ, ಈಗ ಬಾಗಿಲು ತೆಗೆದರೆ ಎಲ್ಲ ಕಪ್ಪಾಗುತ್ತದೆ, ನಾಳೆ ಕೊಡುತ್ತೇನೆ ಎಂದ. ಅಷ್ಟೇ ಅವನು ಹೇಳಿದ್ದು. ಆ ಸೊಪ್ಪು ಈಗ ದೊರೆಯದೂ ಅಲ್ಲ, ತನ್ನದಂತೂ ಮೊದಲೇ ಅಲ್ಲ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಹೊಡೆದವನು ಜಿಕಿಟಿ. ಟ್ರ್ಯಾಕ್ಟರಿನ ಬೆಲ್ಟು ಹಿಡಿದು, ಒಬ್ಬನೇ, ಕೈ ಸೋಲುವವರೆಗೂ ಹೊಡೆದ. ಫೈನೇಸಿ ಹತ್ತು ಮಾರು ದೂರದಲ್ಲಿ ಕೂತು ಹಾಡುತ್ತಿದ್ದಳು.

ಮೂರನೆಯ ದಿನ ಸ್ಪ್ಯಾನರ್ ಸತ್ತ. ಲೈನ್ ಮನೆಗಳ ಹಿಂದೆ ಕೂಲಿಗಳ ಸ್ಮಶಾನವಿತ್ತು, ಅಲ್ಲಿ ಹಾಚಾ ಮರದ ಕೆಳಗೆ ಹೂಳಿದರು. ಹಲಗೆ ಕೊಡುವವರಿರಲಿಲ್ಲ, ಚಾಪೆಯಲ್ಲೇ ಸುತ್ತಿದರು. ಫೈನೇಸಿ ಹೆಣದ ಕಿವಿಗೆ ಬಾಗಿ ಹೆಸರು ಹೇಳಬೇಕಾಗಿತ್ತು. ಅವಳು ಬಾಗಿದಳು, ಆದರೆ ಹೇಳಲಿಲ್ಲ. ಹೇಳಿದರೆ ಮುಗಿಯಿತು, ಅವನು ಸಮಾಧಾನದಿಂದ ಹೋಗುತ್ತಾನೆ. ಅವನು ಸಮಾಧಾನದಿಂದ ಹೋಗುವುದು ಅವಳಿಗೆ ಬೇಕಿರಲಿಲ್ಲ.

ವಾರ ಕಳೆದ ಮೇಲೆ ಹುಡುಗರು ಲೈನ್ ಮನೆಗಳ ಹುಲ್ಲಿನ ಮಾಡಿಗೆ ಬೆಂಕಿ ಹಚ್ಚಿ, ಹೊತ್ತು ಮುಳುಗುವುದರೊಳಗೆ ಜಾಗ ಖಾಲಿ ಮಾಡಿ ಎಂದರು. ಅದೇ ಉತ್ಸಾಹದಲ್ಲಿ ಫಾರಂನ ಆಫೀಸನ್ನೂ ಸುಟ್ಟರು. ಸಂಬಳದ ಪುಸ್ತಕ, ಹುಟ್ಟು ಸಾವಿನ ಚೀಟಿ, ಕೂಲಿಗಳ ಗುರುತಿನ ಕಾಗದ ಎಲ್ಲ ಬೂದಿ. ಆ ಬೆಂಕಿಗೆ ಸೀಮೆಎಣ್ಣೆ ಸುರಿದವನೂ ಜಿಕಿಟಿಯೇ. ಬಿಳಿಯನ ಕಾಗದದ ಋಣ ಇವತ್ತಿಗೆ ಹರಿಯಿತು ಎಂದು ಕುಣಿದನಂತೆ.

ಫೈನೇಸಿ ಮಗಳ ಕೈ ಹಿಡಿದುಕೊಂಡು ಹನ್ನೊಂದು ಕಿಲೋಮೀಟರು ನಡೆದು, ಹೆದ್ದಾರಿಯ ಪಕ್ಕ ಪ್ಲಾಸ್ಟಿಕ್ಕು ತಗಡಿನ ಗುಡಿಸಲು ಕಟ್ಟಿಕೊಂಡಳು. ಬೇರೆ ಬೇರೆ ಫಾರಂನಿಂದ ಅಟ್ಟಿಸಿಕೊಂಡ ನಲವತ್ತು ಮನೆ ಅಲ್ಲಿ ಸೇರಿತು. ಹೊಳೆಯಲ್ಲಿ ಚಿನ್ನದ ಮರಳು ಜಾಲಿಸಿದಳು, ಬೇಯಿಸಿದ ಜೋಳದ ತೆನೆ ಮಾರಿದಳು, ಕಂಡವರ ಹೊಲದಲ್ಲಿ ಕಳೆ ಕಿತ್ತಳು. ಥಾರ್ನ್‌ಬರಿಯಲ್ಲಿ ಜಿಕಿಟಿಯ ಪಾಲಿಗೆ ಬಂದ ಹೊಲ ಒಂದನ್ನು ಬಿಟ್ಟು.

ಅವಳ ಸೇಡಿಗೆ ಗದ್ದಲವಿರಲಿಲ್ಲ. ಜಿಕಿಟಿಗೆ ಸೊಪ್ಪು ಬೆಳೆಯಲು ಬರುತ್ತಿತ್ತು, ಗ್ರೇಡ್ ಮಾಡಲು ಬರುತ್ತಿರಲಿಲ್ಲ. ಮೊದಲ ವರ್ಷವೇ ಗ್ರೇಡ್ ಮಾಡುವ ಹೆಂಗಸರು ಬೇಕು ಎಂದು ಹೆದ್ದಾರಿಗೆ ಟ್ರ್ಯಾಕ್ಟರು ಕಳಿಸಿದ. ಮನೆಯಲ್ಲಿ ಒಂದು ಹಿಡಿ ಹಿಟ್ಟಿಲ್ಲದ ದಿನಗಳು ಅವು. ಫೈನೇಸಿ ಟ್ರ್ಯಾಕ್ಟರಿನ ಎದುರಿಗೆ ಮಣೆ ಹಾಕಿ ಕೂತಳು. ಹತ್ತುವವರು ನನ್ನನ್ನು ದಾಟಿ ಹತ್ತಿ ಎಂದಳು. ಒಬ್ಬಳೂ ಹತ್ತಲಿಲ್ಲ. ಹದಿಮೂರು ವರ್ಷ ಜಿಕಿಟಿಯ ಸೊಪ್ಪು ಕಲಬೆರಕೆ ಎಂದು ಅಗ್ಗಕ್ಕೆ ಹೋಯಿತು. ಪ್ರತಿ ವರ್ಷ ಸಸಿ ನೆಡುವ ವಾರ ಒಂದು ದಿನ ಫೈನೇಸಿ ಅಷ್ಟು ದೂರ ನಡೆದು ಹೋಗಿ ಅವನ ಹೊಲದ ಬದಿಯ ದಾರಿಯಲ್ಲಿ ನಿಲ್ಲುತ್ತಿದ್ದಳು. ಬೈಯುತ್ತಿರಲಿಲ್ಲ, ಶಾಪ ಹಾಕುತ್ತಿರಲಿಲ್ಲ. ಮೂಗಿಗೆ ನಶ್ಯ ಏರಿಸಿಕೊಂಡು ಒಂದು ಗಂಟೆ ನೋಡಿ ವಾಪಸು ಬರುತ್ತಿದ್ದಳು. ಮಾಟಗಾತಿ ಎಂದು ಹೇಳಿಕೊಂಡು ಜಿಕಿಟಿಯ ಆಳುಗಳು ಆ ದಿನ ಕೆಲಸಕ್ಕೆ ಬರುವುದನ್ನೇ ಬಿಟ್ಟರು.

ಆಮೇಲೆ ಜಿಕಿಟಿಯ ಮನೆಯಲ್ಲಿ ಸಾವುಗಳು ಶುರುವಾದವು. ಹಿರಿಯ ಮಗ ದಕ್ಷಿಣ ಆಫ್ರಿಕಾದಲ್ಲಿ ಲಾರಿಯ ಕೆಳಗೆ ಸಿಕ್ಕ. ಎರಡನೆಯವನು ಮೂರು ವಾರದ ಜ್ವರದಲ್ಲಿ ಹೋದ. ಬ್ಯಾರನ್ನು ಎರಡು ಸಲ ಸುಟ್ಟಿತು. ಉಳಿದೊಬ್ಬ ಮಗನ ಹೆಂಡತಿ, ಕಿರಿಯ ಸೊಸೆ, ಹೆತ್ತ ಮೂರು ಕೂಸೂ ಹುಟ್ಟಿದಾಗ ಅಳಲಿಲ್ಲ. ಮೊದಲನೆಯ ಸಾವಿನ ಸುದ್ದಿ ಬಂದ ದಿನ ಫೈನೇಸಿ ಅಂಗಳ ಗುಡಿಸಿ, ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದು ಉಟ್ಟುಕೊಂಡಳು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ನಲವತ್ತು ಮನೆಯವರೂ ನೋಡಿದ್ದರು.

ಕಣಿ ಹೇಳುವವನು ಜಿಕಿಟಿಗೆ ಹೇಳಿದ್ದು ಇಷ್ಟು: ಇದು ಎಂಗೋಜಿ. ಕೊಲೆಯಾದವನ ಆತ್ಮ, ಪರಿಹಾರ ಸಿಗುವವರೆಗೆ ಕೊಂದವನ ವಂಶವನ್ನು ಒಬ್ಬೊಬ್ಬರನ್ನಾಗಿ ತಿನ್ನುತ್ತದೆ. ನಿನ್ನ ಹೊಲದಲ್ಲೇ ಮಲಗಿದೆ. ರಾಗಿಯ ಹೆಂಡ ಕುದಿಸಿ, ಸಮಾಧಿಯ ಮೇಲೆ ಸುರಿದು, ಸತ್ತವನನ್ನು ಅವನ ನಿಜವಾದ ಹೆಸರು ಹಿಡಿದು ಕರೆ. ಅವನ ಮನೆಯವರು ಒಪ್ಪಿ ದನ ಹೊಡೆದುಕೊಂಡು ಹೋಗಲಿ. ಹೆಸರು ತಪ್ಪಿದರೆ ಅವನು ಏಳುವುದಿಲ್ಲ.

ಜಿಕಿಟಿ ಹೊಲದ ಸುತ್ತಿನ ಹಳಬರನ್ನೆಲ್ಲ ಕೇಳಿದ. ಸ್ಪ್ಯಾನರ್, ಸ್ಪ್ಯಾನರ್ ಎಂದರು. ಅದು ಬಿಳಿಯನ ಗುಮಾಸ್ತ ಇಟ್ಟದ್ದು, ಅದು ಬೇಡ ಎಂದ. ಬೇರೆ ಗೊತ್ತಿಲ್ಲ ಎಂದರು. ಆಫೀಸಿನ ಪುಸ್ತಕದಲ್ಲಿ ಇತ್ತೇನೋ, ಅದನ್ನು ತಾವೇ ಸುಟ್ಟಿರಲ್ಲ ಎಂದು ಒಬ್ಬ ಮುದುಕ ನಗದೆ ಹೇಳಿದನಂತೆ.

ಇದೆಲ್ಲ ಫೈನೇಸಿಗೆ ಗೊತ್ತಾದದ್ದು ಜಿಕಿಟಿಯ ಸೋದರಳಿಯ ಲಾಮೆಕ್ ಬಂದಾಗ. ಇಂಥ ಕೆಲಸಕ್ಕೆ ಸೋದರಳಿಯನೇ ಮಧ್ಯಸ್ಥ, ಅದು ಅವರ ಪದ್ಧತಿ. ಮೂವತ್ತು ದಾಟಿದ ಸಾಧು ಮನುಷ್ಯ. ಒಂದು ಕೋಳಿ, ಎರಡು ಕಿಲೋ ಸಕ್ಕರೆ ಅಂಗಳದಲ್ಲಿಟ್ಟು, ಮಂಡಿಯೂರಿ ಮೆಲ್ಲಗೆ ಚಪ್ಪಾಳೆ ತಟ್ಟಿದ. ಅಂಬುಯಾ, ಅಂದರೆ ಅಜ್ಜಿ, ಎಂದು ಕರೆದು ಸುತ್ತಿ ಬಳಸಿ ವಿಷಯ ಹೇಳಿದ. ಫೈನೇಸಿಯ ಜನರಲ್ಲಿ ಎಂಗೋಜಿಯ ನಂಬಿಕೆಯಿಲ್ಲ, ಅದು ಶೋನಾ ಜನರ ಭಯ. ಕುಲವಿಲ್ಲದವನಿಗೆ ಎಂಗೋಜಿ ಎಲ್ಲಿಂದ ಬರುತ್ತದೆ ಎಂದು ಹಿಂದೆ ಇದೇ ಜನ ನಕ್ಕಿದ್ದೂ ಉಂಟು. ಈಗ ಶತ್ರುವಿನ ನಂಬಿಕೆಯೇ ಶತ್ರುವಿನ ಕಾಲಿಗೆ ಮುಳ್ಳಾಗಿದ್ದರೆ ಕೀಳುವುದಕ್ಕೆ ಅವಳೇನು ಅವನ ತಾಯಿಯೇ?

“ನಿಮ್ಮಾವನಿಗೆ ಹೇಳು,” ಎಂದಳು. “ಹೆಸರು ನನ್ನ ಹತ್ರ ಇದೆ. ಕೋಳಿ ತಗೊಂಡು ಹೋಗು, ದಾರೀಲಿ ಹಸಿವಾದ್ರೆ ಸುಟ್ಕೊಂಡು ತಿನ್ನು.”

ಎರಡನೆಯ ಸಲ ಜಿಕಿಟಿಯೇ ಬಂದ. ಹದಿಮೂರು ವರ್ಷದಲ್ಲಿ ಅವನ ಕತ್ತು ಸಣ್ಣಗಾಗಿ ಅಂಗಿಯ ಕಾಲರು ದೊಡ್ಡದಾಗಿತ್ತು. ಅಂಗಳದಲ್ಲಿ ಕೂತು, ಟೋಪಿ ತೆಗೆದು, ನಾಲ್ಕು ಹಸು ಕೊಡುತ್ತೇನೆ ಎಂದ. ಹಳೆಯ ಲೈನ್ ಮನೆಗಳ ಜಾಗದಲ್ಲಿ ಇಟ್ಟಿಗೆಯ ಎರಡು ಕೋಣೆ ಕಟ್ಟಿಸುತ್ತೇನೆ, ತೊರೆಯ ಪಕ್ಕ ಅರ್ಧ ಎಕರೆ ತೋಟಕ್ಕೆ ಬಿಡುತ್ತೇನೆ, ನಿಮ್ಮ ಮಗಳು ಮೊಮ್ಮಕ್ಕಳು ಅಲ್ಲೇ ಇರಲಿ ಎಂದ. ಅದೇನು ಸಣ್ಣ ಮಾತಲ್ಲ. ಹೆದ್ದಾರಿ ಅಗಲ ಮಾಡುವವರು ಗುಡಿಸಲುಗಳಿಗೆ ಸುಣ್ಣದ ಗುರುತು ಹಾಕಿ ಹೋಗಿದ್ದರು. ಮಳೆಗಾಲ ಮುಗಿಯುವುದರೊಳಗೆ ಇಲ್ಲಿಂದಲೂ ಏಳಬೇಕಿತ್ತು.

ಫೈನೇಸಿ ನಶ್ಯದ ಡಬ್ಬಿಯ ಮುಚ್ಚಳ ಹಾಕಿ, ಒಂದೇ ಮಾತು ಕೇಳಿದಳು. ಅವನು ಹೇಗೆ ಸತ್ತ ಅಂತ ನಿಮ್ಮನೇಲಿ ಹೇಳಿದೀಯಾ? ಜಿಕಿಟಿ ನೆಲ ನೋಡಿದ. ಅದು ಗಲಾಟೆಯ ಕಾಲ, ನೂಕುನುಗ್ಗಲು, ಯಾರ ಕೈ ಯಾರ ಮೇಲೆ ಬಿತ್ತೋ, ಎಂದೇನೋ ಗೊಣಗಿದ. ಅವಳು ಎದ್ದು ಒಳಗೆ ಹೋದಳು.

ಅವನು ಹೋದ ಮೇಲೆ ಮೇಲಿಯಾ ತಾಯಿಯನ್ನು ಹಿಡಿದುಕೊಂಡಳು. ಮೇಲಿಯಾಳಿಗೂ ಅಪ್ಪನ ಮೇಲೆ ಪ್ರೀತಿಯಿತ್ತು, ಅದರ ಜೊತೆಗೆ ಇಬ್ಬರು ಮಕ್ಕಳಿದ್ದರು. ಸಡ್ಜಾ ಎಂಬ ಜೋಳದ ಮುದ್ದೆ ತೊಳಸುತ್ತಿದ್ದ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ತಿರುಗಿದಳು.

“ಹೆಸರು ಬೇಯ್ಸಿ ಹಾಕ್ತೀಯೇನವ್ವಾ ನಿನ್ನ ಮೊಮ್ಮಕ್ಕಳಿಗೆ? ಅಪ್ಪ ವಾಪಸ್ ಬರಲ್ಲ. ಮನೆ ಬರತ್ತೆ.”

“ಮನೆ ಸುಟ್ಟೋನೇ ಮನೆ ಕೊಡ್ತೀನಂದ್ರೆ ತಗೋಬೇಕಾ?”

“ತಗೋಬೇಕು. ಸುಟ್ಟೋನಲ್ದೆ ಇನ್ಯಾರು ಕೊಡ್ತಾರೆ ನಮಗೆ? ಇಷ್ಟು ವರ್ಷದಲ್ಲಿ ಬೇರೆ ಯಾರಾದ್ರೂ ಬಂದು ಕೇಳಿದಾರಾ, ನೀವು ಎಲ್ಲಿ ಮಲಗ್ತೀರ ಅಂತ?”

ಮಗಳು ಹೇಳಿದ್ದು ಸರಿ ಎಂದು ಫೈನೇಸಿಗೆ ಗೊತ್ತಿತ್ತು, ಸರಿ ಎಂದು ಗೊತ್ತಿದ್ದುದರಿಂದಲೇ ಸಿಟ್ಟು ಬಂತು. ಆ ವಾರವೆಲ್ಲ ಹೊಳೆಯಲ್ಲಿ ಮರಳು ಜಾಲಿಸುತ್ತ ಅದನ್ನೇ ಯೋಚಿಸಿದಳು. ಹೆಸರನ್ನು ಕೊಟ್ಟರೆ ಮಕ್ಕಳಿಗೆ ಸೂರು. ಕೊಟ್ಟರೆ ಆ ಹೆಸರು ಜಿಕಿಟಿಯ ಬಾಯಲ್ಲಿ ಹೊರಳುತ್ತದೆ, ಹೆಂಡದ ಮಡಕೆಯ ಸುತ್ತ ಕೂತವರೆಲ್ಲರ ಬಾಯಿಗೆ ಸಿಗುತ್ತದೆ. ಅವನು ಪರಿಹಾರ ಕೊಟ್ಟ ದೊಡ್ಡ ಮನುಷ್ಯನಾಗುತ್ತಾನೆ. ಅವಳಿಗೆ ನಿದ್ದೆ ಬರದಂತೆ ಮಾಡಿದ್ದು ಕೊನೆಯದು.

ಮೂರನೆಯ ಸಲ ಜಿಕಿಟಿ ಲಾಮೆಕ್‌ನ ಜೊತೆ ಒಬ್ಬ ಹುಡುಗಿಯನ್ನು ಕರೆತಂದ. ಎಂಗೋಜಿಯ ಪರಿಹಾರದಲ್ಲಿ ದನದ ಜೊತೆ ಒಂದು ಹೆಣ್ಣನ್ನೂ ಸತ್ತವನ ಮನೆಗೆ ಕೊಡುವುದು ಹಳೆಯ ಪದ್ಧತಿ. ಸರಕಾರ ಬೇಡವೆಂದಿದೆ, ಭಯ ಸರಕಾರದ ಮಾತು ಕೇಳುವುದಿಲ್ಲ. ಹುಡುಗಿ ಸತ್ತ ಹಿರಿಯ ಮಗನ ಮಗಳು, ಹೆಸರು ಚೇನಾಯಿ, ಹದಿನಾಲ್ಕು ವರ್ಷ. ಶಾಲೆಯ ಲಂಗ ಉಟ್ಟು, ಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿತ್ತು. ಇವತ್ತಿನಿಂದ ಇವಳು ನಿಮ್ಮವಳು ಎಂದು ಲಾಮೆಕ್ ಹೇಳಿದ, ಹೇಳುವಾಗ ಅವನ ಮುಖ ಬಾಡಿತ್ತು.

ಫೈನೇಸಿ ಹುಡುಗಿಯನ್ನು ಹತ್ತಿರ ಕರೆದು ಕೂರಿಸಿಕೊಂಡಳು. ಯಾವ ತರಗತಿ ಎಂದು ಕೇಳಿದಳು. ಊಟ ಆಯಿತೇ ಎಂದು ಕೇಳಿದಳು. ಆಮೇಲೆ, ನಿನ್ನನ್ನು ಇಲ್ಲಿಗೆ ಯಾಕೆ ತಂದಿದ್ದಾರೆ ಗೊತ್ತೇ ಎಂದಳು.

“ತಾತ ಜಮೀನು ತಗೊಂಡಾಗ ಯಾರೋ ಸತ್ತೋದ್ರಂತೆ,” ಎಂದಿತು ಹುಡುಗಿ. “ಅವರು ನಮ್ಮ ಮೇಲೆ ಸಿಟ್ಟಾಗಿದಾರಂತೆ. ಯಾಕೆ ಅಂತ ಗೊತ್ತಿಲ್ಲ.”

ಯಾರೋ ಸತ್ತುಹೋದರಂತೆ. ಫೈನೇಸಿ ಜಿಕಿಟಿಯ ಕಡೆ ತಿರುಗಿದಳು. ದನ ಕೊಡಲು ಬಂದ, ಮನೆ ಕೊಡಲು ಬಂದ, ಸ್ವಂತ ಮೊಮ್ಮಗಳನ್ನೇ ಗಂಟು ಕಟ್ಟಿ ತಂದ; ಆದರೆ ‘ನಾನು ಹೊಡೆದೆ’ ಎಂಬ ಎರಡು ಶಬ್ದವನ್ನು ಮಾತ್ರ ತರಲಿಲ್ಲ. ಆ ಎರಡು ಶಬ್ದ ಉಳಿಸಿಕೊಳ್ಳಲು ಈ ಕೂಸನ್ನು ಮಾರುತ್ತಿದ್ದಾನೆ.

“ಸರಿ,” ಎಂದಳು ಜಿಕಿಟಿಗೆ. “ಹೆಂಡ ಕುದಿಸು. ನಾನು ಬರ್ತೀನಿ, ಸಮಾಧೀನೂ ತೋರಿಸ್ತೀನಿ. ಇವಳನ್ನ ಈಗ ಮನೆಗೆ ಕರ್ಕೊಂಡು ಹೋಗು. ಆದ್ರೆ ಅವತ್ತು ಇವಳು ಇರಬೇಕು. ನಿನ್ನ ಸೊಸೆ, ಮಗ, ಅಕ್ಕತಂಗೇರು, ಹೊಲದ ಸುತ್ತಿನೋರು, ಎಲ್ಲ ಇರಬೇಕು. ಒಬ್ರು ಕಮ್ಮಿಯಾದ್ರೂ ನಾನು ಬಾಯಿ ತೆಗೆಯಲ್ಲ.”

ಜಿಕಿಟಿ ಚಪ್ಪಾಳೆ ತಟ್ಟಿ ನೆಲಕ್ಕೆ ಹಣೆ ಮುಟ್ಟಿಸಿದ. ಮೇಲಿಯಾ ಒಳಗೆ ಹೋಗಿ ಅತ್ತಳು, ಸಂತೋಷಕ್ಕೆ. ಆ ಏಳು ದಿನ ಅವಳು ಮಕ್ಕಳಿಗೆ ತೊರೆಯ ಪಕ್ಕದ ತೋಟದಲ್ಲಿ ಏನೇನು ಹಾಕುವುದು ಎಂದು ಹೇಳುತ್ತಿದ್ದಳು. ಫೈನೇಸಿ ಕೇಳಿಸಿಕೊಂಡಳು, ತಡೆಯಲಿಲ್ಲ.

ರಾಗಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಹೆಂಡ ಹುಳಿ ಬರಲು ಏಳು ದಿನ ಹಿಡಿಯಿತು. ಎಂಟನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆಲ್ಲ ನೂರಕ್ಕೂ ಹೆಚ್ಚು ಜನ ಸೇರಿದ್ದರು. ಹೆದ್ದಾರಿಯ ನಲವತ್ತು ಮನೆಯಿಂದಲೂ ಬಂದಿದ್ದರು, ಸಾಸ್‌ಪಾನ್ ಕೋಲೂರಿಕೊಂಡು ಬಂದಿದ್ದ. ಲೈನ್ ಮನೆಗಳಿದ್ದ ಜಾಗದಲ್ಲಿ ಸೊಪ್ಪಿನ ಸಾಲು. ಸ್ಮಶಾನದ ಅರ್ಧಕ್ಕೂ ನೇಗಿಲು ಹೋಗಿತ್ತು. ಹಾಚಾ ಮರವೊಂದನ್ನು ಕಡಿದಿರಲಿಲ್ಲ, ಹಣ್ಣು ಬಿಡುವ ಮರ. ಫೈನೇಸಿ ಮರದಿಂದ ಹೆಜ್ಜೆ ಎಣಿಸಿ, ದಿಬ್ಬವೂ ಇಲ್ಲದ ಒಂದು ಜಾಗದಲ್ಲಿ ನಿಂತು, ಇಲ್ಲಿ ಎಂದಳು. ಅವನ ಎದೆಯ ಮೇಲೆ ಹನ್ನೆರಡು ಗಿಡ ಹೊಗೆಸೊಪ್ಪು ಬೆಳೆದಿತ್ತು. ಲಾಮೆಕ್ ಅವನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟ.

ಜಿಕಿಟಿ ಚಪ್ಪಲಿ ಬಿಟ್ಟು, ಟೋಪಿ ತೆಗೆದು, ಮಂಡಿಯೂರಿದ. ಅವನ ಹಿಂದೆ ಅವನ ಮನೆಯವರೆಲ್ಲ ಕೂತರು. ಚೇನಾಯಿ ಮುಂದಿನ ಸಾಲಿನಲ್ಲಿತ್ತು. ಹೊಟ್ಟೆ ತುಂಬಿದ ಕಿರಿಯ ಸೊಸೆ ಮರಕ್ಕೆ ಒರಗಿದ್ದಳು. ನಾಲ್ಕು ಹಸುಗಳನ್ನು ಬೇಲಿಗೆ ಕಟ್ಟಿದ್ದರು. ಲಾಮೆಕ್ ಸೋರೆಬುರುಡೆಯಲ್ಲಿ ಹೆಂಡ ತುಂಬಿ ಮಾವನ ಕೈಗೆ ಕೊಟ್ಟ.

“ಅಂಬುಯಾ,” ಎಂದ ಜಿಕಿಟಿ. “ಹೆಸರು ಹೇಳಿ. ಕರೀತೀನಿ.”

ಫೈನೇಸಿ ಅವನ ಎದುರಿಗೆ, ಸಮಾಧಿಯ ಆಚೆ ಬದಿಗೆ ನಿಂತಿದ್ದಳು.

“ಅವತ್ತು ಹೊಡೀವಾಗ ಏನಂತ ಕರೀತಿದ್ದೆ?”

ಜಿಕಿಟಿಗೆ ಅರ್ಥವಾಗಲಿಲ್ಲವೋ, ಆಗಿಯೂ ಆಗದವನಂತೆ ಕೂತನೋ.

“ಹೆಸರು ಗೊತ್ತಿಲ್ದೇನೇ ಹೊಡೆದೆಯಲ್ಲ, ಆದ್ರೂ ಏನೋ ಒಂದು ಕರೀತಾನೇ ಇದ್ದೆ. ನಾನಿದ್ದೆ ಅಲ್ಲಿ. ಹಾಡು ಹೇಳ್ತಾ ಇದ್ದೆ. ಅವನ ಅಜ್ಜಿ ಇಟ್ಟ ಹೆಸರಿಂದ ನೀನು ಯಾವತ್ತೂ ಅವನನ್ನ ಕರೆದಿಲ್ಲ. ಈಗ ಕರೆದ್ರೆ ಯಾರೋ ಪರಿಚಯದೋರು ಅಂದ್ಕೊಂಡು ಮೋಸ ಹೋಗ್ತಾನೆ. ನೀನಿಟ್ಟ ಹೆಸರಿಂದ ಕರಿ. ಅದೇ ದನೀಲಿ ಕರಿ.”

ಜಿಕಿಟಿ ತಿರುಗಿ ಲಾಮೆಕ್‌ನನ್ನು ನೋಡಿದ. ಮಧ್ಯಸ್ಥ ಹೇಳಬೇಕಾದ್ದು ನ್ಯಾಯ. ಲಾಮೆಕ್ ತಾನು ಕಿತ್ತಿಟ್ಟ ಗಿಡಗಳನ್ನೊಮ್ಮೆ ನೋಡಿ, ಸತ್ತವನ ಕಡೆಯವರ ಮಾತೇ ಕೊನೆ ಮಾವ, ಅದು ನಮ್ಮ ಪದ್ಧತಿ, ಎಂದ. ಮೇಲಿಯಾ ತಾಯಿಯ ತೋಳು ಹಿಡಿದೆಳೆದು, ಬೇಡವ್ವಾ, ಹೆಸರು ಹೇಳಿಬಿಡು, ಎಂದು ಪಿಸುಗುಟ್ಟಿದಳು. ಫೈನೇಸಿ ತೋಳು ಬಿಡಿಸಿಕೊಂಡಳು.

ಜಿಕಿಟಿ ಗಂಟಲಲ್ಲೇ ಏನೋ ಅಂ‍ದ.

“ಹೀಗೆ ಕರೀಲಿಲ್ಲ ನೀನು. ಬ್ಯಾರನ್ ಹತ್ರ ಇದ್ದೋರಿಗೂ ಕೇಳಿಸ್ತಿತ್ತು.”

ಆಗ ಅವನು ಕೂಗಿದ. ಮುದಿ ಗಂಟಲು ಎರಡು ಕಡೆ ಒಡೆಯಿತು, ಆದರೂ ಕೂಗಿದ. “ಏಳೋ ಬ್ವಿಡಿ. ಏಳೋ ಕುಲಗೆಟ್ಟ ನಾಯಿ. ನಿನ್ನನ್ನ ಹೂಳೋಕೂ ಇಲ್ಲಿ ನೆಲ ಇಲ್ಲ ಕಣೋ.” ಬ್ವಿಡಿ ಎಂದರೆ ಪರದೇಶಿ ಕೂಲಿ, ಅಲ್ಲಿ ಕೂತ ಅರ್ಧ ಜನ ಜೀವಮಾನವೆಲ್ಲ ಆ ಮಾತನ್ನು ಉಂಡವರು. ಅವನು ನಿಲ್ಲಿಸಲಿಲ್ಲ, ನಿಲ್ಲಿಸಲು ಆಗಲಿಲ್ಲವೋ ಏನೋ. ಬೀಗದ ಕೈ ಕೊಡೋ ಎಂದ, ಸಾಯೋ ಎಂದ. ಬೆಲ್ಟು ಹಿಡಿಯುವ ಕೈ ತಾನಾಗಿ ಮೇಲಕ್ಕೆ ಎದ್ದು, ಹೆಂಡವೆಲ್ಲ ಅವನ ಮೈಮೇಲೇ ಚೆಲ್ಲಿತು. ಆಮೇಲೆ ಬಿಕ್ಕಿ ಬಿಕ್ಕಿ, “ನಾನೇ ಹೊಡೆದೆ, ನಾನೊಬ್ನೇ ಹೊಡೆದೆ,” ಎಂದು ಮಣ್ಣಿಗೆ ಮುಖ ಹಾಕಿದ.

ಯಾರೂ ಅವನನ್ನು ಎತ್ತಲಿಲ್ಲ. ಸೊಸೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದಳು. ಚೇನಾಯಿ ಮಾತ್ರ ತಾತನನ್ನೇ ನೋಡುತ್ತಿತ್ತು.

ಫೈನೇಸಿ ಸಮಾಧಿಯನ್ನು ಬಳಸಿ ಬಂದು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ದನಿ ಏರಿಸಲಿಲ್ಲ. ಹತ್ತಿರದವರಿಗೆಲ್ಲ ಕೇಳಿಸಿತು.

“ಕೇಳಿಸ್ತು ಅವನಿಗೆ. ಹದಿಮೂರು ವರ್ಷ ನಿನ್ನನ್ನೇ ಹುಡುಕ್ತಿದ್ದ. ಬೋರಲು ಮಲಗಿಸಿ ಹೊಡೆದೆ ನೋಡು, ನಿನ್ನ ಮುಖ ಅವನು ನೋಡಿರಲಿಲ್ಲ. ಕೈಗೆ ಸಿಕ್ಕಿದೋರನ್ನ ಹಿಡೀತಿದ್ದ ಪಾಪ. ಈಗ ದನಿ ಗುರುತು ಸಿಕ್ತು. ಇನ್ನು ನಿನ್ನ ಮಕ್ಕಳ ತಂಟೆಗೆ ಬರಲ್ಲ.”

ಜಿಕಿಟಿ ತಲೆ ಎತ್ತಿ ಅವಳನ್ನು ನೋಡಿದ. ಮೊಮ್ಮಕ್ಕಳು ಉಳಿದವು ಎಂಬುದು ಅವನಿಗೆ ಮೊದಲು ತಿಳಿಯಿತು, ಇನ್ನು ಸತ್ತವನು ಬರುವುದು ತನ್ನೊಬ್ಬನ ಬೆನ್ನಿಗೆ ಎಂಬುದು ನಿಧಾನವಾಗಿ ತಿಳಿಯಿತು. ಹೆಸರು, ಹೆಸರು ಎಂದು ಅವಳ ಬಟ್ಟೆಯ ಅಂಚು ಹಿಡಿದ. ಕರೆಯಲು ಬರದ ಆತ್ಮವನ್ನು ಕಳಿಸುವುದಕ್ಕೂ ಬರುವುದಿಲ್ಲ. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎದ್ದಳು.

ಹಸುಗಳನ್ನು ತೆಗೆದುಕೊಳ್ಳಲಿಲ್ಲ, ಮನೆಯನ್ನೂ. ತೆಗೆದುಕೊಂಡರೆ ಪರಿಹಾರವಾದಂತೆ. ಹನ್ನೊಂದು ಕಿಲೋಮೀಟರು ಮೇಲಿಯಾ ತಾಯಿಗಿಂತ ನೂರು ಹೆಜ್ಜೆ ಮುಂದೆ ನಡೆದಳು, ಹಿಂತಿರುಗಿ ನೋಡಲಿಲ್ಲ, ಎರಡು ವಾರ ಮಾತಾಡಲಿಲ್ಲ. ಮೊಮ್ಮಕ್ಕಳ ಸೂರನ್ನು ತನ್ನ ಸೇಡಿಗೆ ಖರ್ಚು ಮಾಡಿದೆನೆಂದು ಫೈನೇಸಿಗೆ ಗೊತ್ತಿತ್ತು. ಅದಕ್ಕಾಗಿ ಮಗಳ ಮುಂದೆ ತಲೆ ತಗ್ಗಿಸಿದಳು. ಪಶ್ಚಾತ್ತಾಪ ಮಾತ್ರ ಪಡಲಿಲ್ಲ. ಮಳೆ ನಿಲ್ಲುವ ಮುಂಚೆ ಗುಡಿಸಲುಗಳು ಕೆಡವಿಸಿಕೊಂಡು ಇನ್ನೂ ನಾಲ್ಕು ಕಿಲೋಮೀಟರು ಆಚೆಗೆ ಹೋದವು.

ಲಾಮೆಕ್ ಆ ಹೊಸ ಜಾಗವನ್ನು ಹುಡುಕಿಕೊಂಡು ಬಂದ, ಈ ಸಲ ಕೋಳಿಯಿಲ್ಲದೆ. ಸೊಸೆ ಗಂಡುಮಗು ಹೆತ್ತಳು, ಅತ್ತಿತು, ಚೆನ್ನಾಗಿದೆ ಎಂದ. ಮಾವ ಬದುಕಿದ್ದಾನೆ. ಒಬ್ಬನೇ ಕೂರುವುದಿಲ್ಲ, ಯಾರಾದರೂ ಜೊತೆಗಿರಿ ಎನ್ನುತ್ತಾನೆ, ಜೊತೆಗೆ ಯಾರೂ ಕೂರುವುದಿಲ್ಲ. ಚೇನಾಯಿ ಅವನನ್ನು ತಾತ ಎಂದು ಕರೆಯುವುದನ್ನು ಬಿಟ್ಟಿದ್ದಾಳೆ.

ಮತ್ತೆ ಏನಂತ ಕರೆಯುತ್ತಾಳೆ ಎಂದು ಫೈನೇಸಿ ಕೇಳಿದಳು.

“ಏನೂ ಇಲ್ಲ ಅಂಬುಯಾ. ಕರೆಯೋದೇ ಇಲ್ಲ.”

ಒಳ್ಳೆಯದಾಯಿತು ಎಂದು ಹೇಳಿ, ಫೈನೇಸಿ ಒಲೆ ಹಚ್ಚಲು ಎದ್ದಳು.